ಮುಸುಕು ತೆಗೆದ ಹದಿನಾಲ್ಕು ತೆನೆ

ಜೋಳದ ಒಂದೊಂದು ಹೂವಿನೊಳಗೂ ಗಂಡು ಹೆಣ್ಣು ಎರಡೂ ಇರುತ್ತವೆ. ಹೂವು ಅರಳುವ ಹಿಂದಿನ ದಿನ ಸೂಜಿಯ ಮೊನೆ ಹಾಕಿ ಗಂಡಿನ ಮೂರು ಎಳೆಗಳನ್ನು ಎತ್ತಿ ತೆಗೆಯಬೇಕು. ಎಳೆ ಒಡೆದರೆ ಆ ಹೂವು ಕೆಟ್ಟಿತು, ಚಿವುಟಿ ಬಿಸಾಡಬೇಕು. ಒಂದು ತೆನೆಯಲ್ಲಿ ಐವತ್ತು ಅರವತ್ತು ಹೂವು ಹೀಗೆ ಬಿಡಿಸಿ, ಮೇಲಿನದನ್ನೂ ಕೆಳಗಿನದನ್ನೂ ಕತ್ತರಿಸಿ, ಉಳಿದದ್ದಕ್ಕೆ ಎಣ್ಣೆ ಕಾಗದದ ಚೀಲ ತೊಡಿಸಿ, ಬಾಯಿಗೆ ಪಿನ್ನು ಚುಚ್ಚಿ, ಚೀಟಿ ಕಟ್ಟಬೇಕು. ಎರಡು ದಿನ ಬಿಟ್ಟು, ಬೇಕಾದ ತಳಿಯ ತೆನೆಯಿಂದ ಹಳದಿ ಪುಡಿ ಉದುರಿಸಿಕೊಂಡು ಬಂದು ಇದರ ಮೇಲೆ ಹಾಕಿ ಮತ್ತೆ ಚೀಲ ತೊಡಿಸಬೇಕು. ತಾಯಿ ಇಂಥದ್ದು, ತಂದೆ ಇಂಥದ್ದು ಎಂದು ಚೀಟಿಯಲ್ಲಿ ಬರೆದ ಹಾಗೆಯೇ ಕಾಳು ಕಟ್ಟಬೇಕು. ಚೀಲ ಇರುವುದೇ ಅದಕ್ಕೆ. ಗಾಳಿಯಲ್ಲಿ ಬಂದ ಬೇರೆ ಗಂಡು ಒಳಗೆ ಹೋಗಬಾರದು.

ಈ ಕೆಲಸವನ್ನು ನಾನು ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದ ನಡುವಿನ ತನಕ ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿ ಬದಿಯ ಒಂದು ಎರೆಹೊಲದಲ್ಲಿ ಮಾಡಿದೆ. ಹೊಲ ಸರಕಾರದ್ದು. ಬಾಗಲಕೋಟೆಯ ಆಫೀಸಿನವರು ಅದಕ್ಕೆ ಪ್ಲಾಟು ಎನ್ನುತ್ತಿದ್ದರು, ನಾವೂ ಪ್ಲಾಟು ಎಂದೆವು. ಅಲ್ಲಿ ಏಳು ಜನ ಹೆಂಗಸರಿದ್ದೆವು.

ನಾನು ಇಳಕಲ್ಲಿನವಳು. ಸೀರೆಯ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆ ಎಳೆ ಹಿಡಿದು ಕೂಡಿಸುವುದು ನಮ್ಮ ಮನೆಯ ಹೆಂಗಸರ ಕೆಲಸ. ಮಗ್ಗ ನಿಂತಾಗ ಕೂಲಿಗೆ ಬಂದೆ. ಮೊದಲ ದಿನ ಸಾಹೇಬರು ಎಲ್ಲರ ಕೈಗೂ ಒಂದು ತೆನೆ, ಒಂದು ಸೂಜಿ ಕೊಟ್ಟು ನೋಡಿದರು. ನಾನು ಇಪ್ಪತ್ತು ಹೂವಿನಲ್ಲಿ ಒಂದನ್ನೂ ಒಡೆಯಲಿಲ್ಲ.

"ಮದಲ ಏನ್ ಮಾಡ್ತಿದ್ದಿ ತಂಗಿ?" ಎಂದು ಕೇಳಿದರು.

"ಎಳಿ ಕೂಡಸ್ತಿದ್ದೆನ್ರಿ."

"ಇಲ್ಲಿ ಬಿಡಸೂದೈತಿ."

"ಕೂಡಸಾಕ ಬಂದಾಕಿಗೆ ಬಿಡಸಾಕ ಬರೂದಿಲ್ಲೇನ್ರಿ?"

ನಕ್ಕು, ನಾಳೆಯಿಂದ ಬಾ ಎಂದರು.

ಸಾಹೇಬರು ಬೀಜದ ವಿಜ್ಞಾನಿ. ದೊಡ್ಡ ಓದು ಓದಿದವರು. ಚಿಕ್ಕವರಿದ್ದಾಗ ಬಾದಾಮಿ ಕಡೆಯ ಒಂದು ಮಠದಲ್ಲಿ ಇದ್ದು ಬೆಳೆದವರಂತೆ. ಹಣೆಗೆ ಶಿವಯೋಗ ಮಂದಿರದ ವಿಭೂತಿಯೇ ಆಗಬೇಕು. ನಾವು ಬರುವ ಮೊದಲೇ ಮೂಡಣ ಒಡ್ಡಿನ ಮೇಲೆ ಕುಳಿತು ಲಿಂಗಪೂಜೆ ಮುಗಿಸಿರುತ್ತಿದ್ದರು. ಆಮೇಲೆ ಅಳತೆ ಕೋಲು ಹಿಡಿದರೆ ಹೊತ್ತು ಇಳಿಯುವ ತನಕ ಕೂರುತ್ತಿರಲಿಲ್ಲ. ಒಂದು ಗಿಡದ ಎತ್ತರ ಬರೆಯುವಾಗ ಮೇಸ್ತ್ರಿ ಅಂದಾಜಿನಲ್ಲಿ ಹೇಳಿದರೆ ಪೆನ್ಸಿಲು ನಿಲ್ಲಿಸಿಬಿಡುತ್ತಿದ್ದರು. "ಲಿಂಗಾ ಹಿಡಿಯೂ ಕೈಲೆ ಅಂದಾಜು ಬರಿಯಾಕ ಬರೂದಿಲ್ಲಪಾ. ಮತ್ತೊಮ್ಮೆ ಅಳಿ," ಎನ್ನುತ್ತಿದ್ದರು. ಇರುವೆ ಗೂಡು ಕಂಡರೆ ಅದನ್ನೂ ಅಳೆದು ಬರೆದುಕೊಳ್ಳುತ್ತಿದ್ದರು. ದೇವರು ಮಾಡಿದ್ದನ್ನು ಮೊದಲು ಓದಬೇಕು, ತಿದ್ದುವುದು ಆಮೇಲೆ ಎಂಬುದು ಅವರ ಮಾತು.

ಅವರು ತಿದ್ದಲು ಹೊರಟದ್ದು ನಮ್ಮ ಹಿಂಗಾರಿ ಬಿಳಿಜೋಳವನ್ನು. ರೊಟ್ಟಿಗೆ ಅದರಂಥದ್ದು ಇನ್ನೊಂದಿಲ್ಲ. ಆದರೆ ಕಾಳು ತುಂಬುವ ಹೊತ್ತಿಗೆ ನೆಲದ ಹಸಿ ಆರಿ ಎರೆ ಬಿರುಕು ಬಿಡುತ್ತದೆ, ದಂಟಿನೊಳಗೆ ಕರಿ ಪುಡಿ ಕಟ್ಟುವ ರೋಗ ಬರುತ್ತದೆ, ಬೆಳೆ ನೆಲಕ್ಕೆ ಮಲಗುತ್ತದೆ. ಆ ಒಣದಂಟನ್ನು, ಕಣಿಕೆಯನ್ನು, ದನವೂ ಮೂಸುವುದಿಲ್ಲ. ಹೊರಗಿನಿಂದ ತರಿಸಿದ ಒಂದು ಗಿಡ್ಡ ತಳಿ ಇತ್ತು. ಅದು ಬೀಳುವುದಿಲ್ಲ, ಆದರೆ ಅದರ ರೊಟ್ಟಿ ಬಡಿದರೆ ಅಂಚು ಸೀಳುತ್ತದೆ. ನಮ್ಮದನ್ನು ತಾಯಿ ಮಾಡಿ, ಅದನ್ನು ತಂದೆ ಮಾಡಿ, ಬೀಳದ ರೊಟ್ಟಿಜೋಳ ತೆಗೆಯಬೇಕು ಎಂಬುದು ಕೆಲಸ. ಅಷ್ಟಕ್ಕೇ ಆಫೀಸು ಅವರಿಗೆ ಹೊಲವನ್ನೂ ನಮ್ಮನ್ನೂ ಕೊಟ್ಟಿತ್ತು. ಗೊತ್ತು ಮಾಡಿದ ವರ್ಷಗಳೊಳಗೆ ತಳಿ ಬರದಿದ್ದರೆ ಪ್ಲಾಟು ಮುಚ್ಚುತ್ತದೆ ಎಂದು ಮೊದಲೇ ಹೇಳಿದ್ದರು.

ಪ್ಲಾಟಿನ ನಕ್ಷೆಯಲ್ಲಿ ಇರದ ಒಂದು ಜಾಗವಿತ್ತು. ಮೂಡಣ ಒಡ್ಡಿನ ಕೆಳಗೆ ಸಾಹೇಬರು ಪ್ರತಿ ವರ್ಷ ನಾಲ್ಕು ಸಾಲು ಜೋಳವನ್ನು ತಾವೇ ಊರುತ್ತಿದ್ದರು. ಅದು ಹಕ್ಕಿಗಳ ಸಾಲು. ಪ್ರಯೋಗದ ತೆನೆಗೆ ಬಂದ ಗುಬ್ಬಿಯನ್ನು ನಾವು ಓಡಿಸಬಹುದು, ಈ ನಾಲ್ಕು ಸಾಲಿನಲ್ಲಿ ಕೈ ಎತ್ತುವಂತಿಲ್ಲ. ಮೇಸ್ತ್ರಿ ಒಮ್ಮೆ ನಕ್ಷೆಗೆ ಏನು ಬರೆಯಲಿ ಎಂದಾಗ, "ಅದು ಸರಕಾರದ್ದಲ್ಲ, ಅವುಗಳದ್ದು. ಬಿಡು," ಎಂದರು. ಬೀಜ ಸಿಕ್ಕಲ್ಲಿಂದ ತರುತ್ತಿದ್ದರು. ನಾನು ಹೇಳುವ ವರ್ಷ ಐಹೊಳೆಯಿಂದ ಎರಡು ತೆನೆ ತಂದಿದ್ದರು. ಹಳೆಯ ಗುಡಿಯೊಂದರ ಕಲ್ಲಿನ ಸಂದಿಯಲ್ಲಿ ತಾನೇ ಹುಟ್ಟಿ, ಬೇಸಗೆಯಲ್ಲೂ ಒಣಗದೆ ನಿಂತಿದ್ದ ಗಿಡವಂತೆ. "ಬಿತ್ತಿದವರಿಲ್ಲ, ನೀರ ಹಾಕಿದವರಿಲ್ಲ. ಶಿವನ ಕೂಲಿ ಇಲ್ಲದ ಗಿಡ," ಎಂದು ತೋರಿಸಿದರು. ನಾನು ನೋಡಿದ್ದು ಇಷ್ಟು: ಕಾಳು ಸಣ್ಣದು, ತೆನೆ ಬೋಳು, ಮೀಸೆ ಇಲ್ಲ. ನಮ್ಮ ಜೋಳದ ಹೊಟ್ಟಿನ ತುದಿಗೆ ಕೂದಲಿನಂಥ ಮೀಸೆ ಇರುತ್ತದೆ. ಗಿಡ್ಡ ತಳಿಗೂ ಇತ್ತು.

ಆ ವರ್ಷ ಮಳೆ ತಡವಾಗಿ ಬಿತ್ತನೆ ಹಿಂದೆ ಬಿತ್ತು. ಹಾಗಾಗಿ ಹೂವು ಬಿಡಿಸುವ ಕೆಲಸ ಎಳ್ಳಮಾವಾಸ್ಯೆಗೆ ಸರಿಯಾಗಿ ಬಂತು. ಅಮಾವಾಸ್ಯೆಯ ಹಿಂದಿನ ದಿನಕ್ಕೆ ಹದಿನಾಲ್ಕು ತೆನೆ ಚೀಲದಲ್ಲಿದ್ದವು. ತಂದೆಯ ಪುಡಿ ಇನ್ನೂ ಹಾಕಿರಲಿಲ್ಲ. ಸಾಹೇಬರು ಹಬ್ಬಕ್ಕೆ ಬಾದಾಮಿ ಕಡೆ ಹೊರಟರು. ಹೋಗುವಾಗ ಹೇಳಿದರು, "ಹೊಲಕ್ಕ ಚರಗಾ ಚೆಲ್ರಿ, ಬಿಡಬ್ಯಾಡ್ರಿ. ಆದ್ರ ಚೀಲಾ ಮುಟ್ಟಬ್ಯಾಡ್ರಿ."

ಎಳ್ಳಮಾವಾಸ್ಯೆಗೆ ನಿಂತ ಬೆಳೆ ಬಸುರಿ ಇದ್ದ ಹಾಗೆ. ಅವಳಿಗೆ ಬಯಕೆ ಊಟ ಕೊಡಬೇಕು. ಕಡಬು, ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಪುಂಡಿಪಲ್ಯ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುವುದು ಚರಗ. ಮಧ್ಯಾಹ್ನ ಎಲ್ಲರಿಗೂ ತಂತಮ್ಮ ಮನೆಯ ಹೊಲದ ಚರಗ ಇರುತ್ತದೆ, ಅದಕ್ಕೆ ಪ್ಲಾಟಿನದನ್ನು ಬೆಳಿಗ್ಗೆಯೇ ಮುಗಿಸೋಣ ಎಂದು ಏಳೂ ಜನ ಬೇಗ ಬಂದೆವು. ಐದು ಕಲ್ಲು ತೊಳೆದು, ಸುಣ್ಣ ಹಚ್ಚಿ ಇಟ್ಟು, ಊದಿನಕಡ್ಡಿ ಹಚ್ಚಿದೆವು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳನ್ನು ನಾವು ದೊಡ್ಡವ್ವ ಎನ್ನುತ್ತಿದ್ದೆವು. ಅವಳು ಚರಗದ ಬುಟ್ಟಿ ಹೊತ್ತು ಹದಿನಾಲ್ಕು ಚೀಲಗಳ ಮುಂದೆ ನಿಂತುಬಿಟ್ಟಳು.

"ಇವಕ್ಕ ಹ್ಯಾಂಗ ಉಣಸೂದು ಬೇ?"

"ಚೆಲ್ಲು, ಉಣತಾವು," ಎಂದೆ.

"ಮಾರಿಗೆ ಮುಸಕು ಹಾಕಿ ಕುಂದರಿಸಿದ ಬಸರಿಗೆ ಯಾರರ ಬಯಕಿ ಉಣಸ್ತಾರೇನು? ಉಳಿದಾವೆಲ್ಲಾ ಉಣತಾವು, ಇವು ಹದಿನಾಕ ಉಪವಾಸ. ಆಮ್ಯಾಲ ಕಾಳ ಕಟ್ಟಲಿಲ್ಲಂದ್ರ ನಿನ್ನ ಸೂಜಿಗೆ ಬೈತಾರ ನೋಡು."

"ಸಾಹೇಬ್ರು ಮುಟ್ಟಬ್ಯಾಡಂದಾರ."

"ಸಾಹೇಬ್ರು ಬಸರಾಗ್ಯಾರೇನು ಯಾವಾಗರ?"

ಎಲ್ಲರೂ ನಕ್ಕರು. ನನಗೂ ಅದಕ್ಕೆ ಮೊದಲು ಎರಡು ಬಸಿರು ನಿಂತಿರಲಿಲ್ಲ. ಅದನ್ನು ಇಲ್ಲಿ ಉದ್ದ ಮಾಡುವುದಿಲ್ಲ. ಪಿನ್ನು ತೆಗೆದು ಹದಿನಾಲ್ಕೂ ಚೀಲ ಬಿಚ್ಚಿದವಳು ನಾನೇ. ಯಾರೂ ನನ್ನ ಕೈ ಹಿಡಿದು ಬಿಚ್ಚಿಸಲಿಲ್ಲ. ಮುಂದಿನವರು ಹುಲ್ಲುಲಿಗೋ ಎಂದು ಕೂಗುತ್ತಾ ಚರಗ ಚೆಲ್ಲಿದರು, ಹಿಂದಿನವರು ಚೆಲ್ಲಂಬರಿಗೋ ಎಂದು ನೀರು ಚಿಮುಕಿಸಿದರು. ಹೊಲ ಸುತ್ತಿ ಬಂದು, ಕೂತು ಒಂದೊಂದು ಕಡಬು ತಿಂದು, ಎದ್ದು ಹೋಗಿ ಚೀಲಗಳನ್ನು ಮೊದಲಿದ್ದ ಹಾಗೆಯೇ ತೊಡಿಸಿ ಪಿನ್ನು ಚುಚ್ಚಿದೆ. ಪಿನ್ನಿನ ಹಳೆಯ ತೂತಿಗೇ ಚುಚ್ಚಿದೆ. ಅಷ್ಟು ಹುಷಾರು ಇತ್ತು ನನಗೆ.

ಮರುದಿನ ಸಾಹೇಬರು ಬಂದರು. ಗಿಡ್ಡ ತಳಿಯ ಪುಡಿ ತಂದು ಹದಿನಾಲ್ಕಕ್ಕೂ ಹಾಕಿದೆವು. ಕಾಳು ಚೆನ್ನಾಗಿ ಕಟ್ಟಿತು. ದೊಡ್ಡವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಮುಂದಿನ ವರ್ಷ ಆ ಕಾಳನ್ನು ಬಿತ್ತಿದೆವು. ಒಂದೇ ತಾಯಿ, ಒಂದೇ ತಂದೆ ಆದರೆ ಆ ವರ್ಷದ ಗಿಡಗಳೆಲ್ಲ ಅಣ್ಣತಮ್ಮಂದಿರ ಹಾಗೆ ಒಂದೇ ನಮೂನೆ ಬರಬೇಕು. ತೆನೆ ಹೊರಬಿದ್ದಾಗ ಸಾಹೇಬರು ಸಾಲಿನ ನಡುವೆ ನಿಂತು ನನ್ನನ್ನು ಕರೆದರು. ನಾಲ್ಕು ಗಿಡ ಉಳಿದವಕ್ಕಿಂತ ಗೇಣುದ್ದ ಎತ್ತರ ಇದ್ದವು. ತೆನೆ ಬೋಳು.

"ಅವ್ವಗೂ ಮೀಸಿ ಐತಿ, ಅಪ್ಪಗೂ ಮೀಸಿ ಐತಿ. ಈ ನಾಕ ಮಕ್ಕಳು ಬೋಳ ಹ್ಯಾಂಗ ಬಂದೂ ತಂಗಿ?"

ನಾನು ಬಗ್ಗಿ ಒಂದು ಕಳೆ ಕಿತ್ತೆ.

"ಚೀಲಾ ಏನರ ತಗದಿದ್ರೇನು? ಗಾಳಿಗೆ ಹರದಿತ್ತೇನು?"

"ಇಲ್ರಿ."

"ಖರೆ?"

"ಖರೇರಿ."

ಮುಖ ನೋಡಿದರು. ಪುಸ್ತಕ ತೆಗೆದು ಏನೋ ಬರೆದರು. ಅವರು ನನ್ನನ್ನು ನಂಬಿದರು, ಅದೇ ತೊಂದರೆಯಾಯಿತು. ಇನ್ನೊಬ್ಬರಾಗಿದ್ದರೆ ಕಲಬೆರಕೆ ಎಂದು ಆ ನಾಲ್ಕು ಗಿಡಗಳನ್ನು ಕಿತ್ತು ದನಕ್ಕೆ ಹಾಕುತ್ತಿದ್ದರು. ಇವರು ಬೋಳು ತೆನೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ಸೃಷ್ಟಿ ಒಮ್ಮೊಮ್ಮೆ ತಾನ ಬದಲಾಗತೈತಿ. ಸಾವಿರಕ್ಕೊಂದು, ಲಕ್ಷಕ್ಕೊಂದು. ಕೊಟ್ಟಾನಂದ ಮ್ಯಾಲ ತಗೋಬೇಕು," ಎಂದು ಆ ನಾಲ್ಕರ ಬೀಜವನ್ನು ಬೇರೆ ಕಟ್ಟಿಸಿದರು. ಅವರು ದೇವರ ಕೈ ಎಂದುಕೊಂಡದ್ದು ನನ್ನ ಕೈ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು. ಹೂವು ಬಿಡಿಸುವ ಕೆಲಸದಲ್ಲಿ ನನ್ನ ಸಮ ಯಾರೂ ಇಲ್ಲ ಎಂಬ ಹೆಸರು ಇನ್ನೊಂದು.

ಆಮೇಲೆ ವರ್ಷ ವರ್ಷ ಆ ಬೀಜ ಬಿತ್ತುವುದು, ಆರಿಸುವುದು. ಎರಡನೆಯ ತಲೆಮಾರಿನಲ್ಲಿ ಎಲ್ಲ ನಮೂನೆ ಬಂದವು: ಗಿಡ್ಡ, ಉದ್ದ, ಮೀಸೆಯದು, ಬೋಳು. ಸಾಹೇಬರು ಒಂದೊಂದು ಗಿಡ ಅಲುಗಾಡಿಸಿ, ಕಾಳು ಕಚ್ಚಿ ನೋಡಿ, ದಾರ ಕಟ್ಟುತ್ತಾ ಹೋದರು. ಆ ದಿನಗಳಲ್ಲೇ ನಾನು ಚೀಟಿ ಬರೆಯಲು ಕಲಿತೆ. ಮೊದಲು ಅಂಕಿ, ಆಮೇಲೆ ತಾ ಎಂದರೆ ತಾಯಿ, ತಂ ಎಂದರೆ ತಂದೆ. ಎರಡೇ ಅಕ್ಷರ ಗೊತ್ತಿದ್ದ ಕಾಲದಲ್ಲಿ ಆ ತಂ ಬರೆಯುವಾಗಲೆಲ್ಲ ನನ್ನ ಕೈ ತಡೆಯುತ್ತಿತ್ತು.

ನಾಲ್ಕನೆಯ ವರ್ಷ ಸುಗ್ಗಿಗೆ ಮೊದಲು ಅಕಾಲ ಮಳೆ, ಅದರ ಮೇಲೆ ಗಾಳಿ. ಪ್ಲಾಟಿನ ಜೋಳ ಮಲಗಿತು. ತಾಯಿ ತಳಿ ಮಲಗಿತು. ಗಿಡ್ಡ ತಂದೆಯ ಮಕ್ಕಳಲ್ಲಿ ಅರ್ಧ ಮಲಗಿದವು. ಬೋಳು ತೆನೆಯ ಮೂರು ಸಾಲು ಮಾತ್ರ ಪೂರ್ತಿ ನಿಂತಿದ್ದವು. ಸಾಹೇಬರು ಕೆಸರಿನಲ್ಲೇ ಆ ಮೂರು ಸಾಲಿನ ಸುತ್ತ ಎರಡು ಸಲ ತಿರುಗಿದರು.

ಐದನೆಯ ವರ್ಷ ರೋಗವನ್ನು ನಾವೇ ಹಚ್ಚಿದೆವು. ಕರಿ ಪುಡಿ ರೋಗವನ್ನು ಹಲ್ಲುಕಡ್ಡಿಯ ಮೇಲೆ ಬೆಳೆಸಿ ಶೀಶೆಯಲ್ಲಿ ತಂದಿದ್ದರು. ದಂಟಿನ ಕೆಳಗಿನ ಗಣ್ಣಿಗೆ ದಬ್ಬಣದಿಂದ ತೂತು ಹಾಕಿ ಒಂದೊಂದು ಕಡ್ಡಿ ಚುಚ್ಚಬೇಕು. ನಾಲ್ಕುನೂರು ದಂಟಿಗೆ ಚುಚ್ಚಿದೆವು. ಕೊಯ್ಲಿಗೆ ದಂಟು ಸೀಳಿ ನೋಡಿದರೆ ತಾಯಿಯದು ಐದು ಗಣ್ಣಿನ ತನಕ ಒಳಗೆ ಕಪ್ಪಾಗಿತ್ತು. ಬೋಳಿನದು ಒಂದೇ ಗಣ್ಣಿಗೆ ನಿಂತಿತ್ತು, ಒಳಗೆ ಬೆಳ್ಳಗೆ ಹಸಿ ಇತ್ತು. ಕಾಳೂ ಈಗ ದಪ್ಪ. ರೊಟ್ಟಿ ಬಡಿದೆ. ಅಂಚು ಸೀಳಲಿಲ್ಲ.

ಆರನೆಯ ವರ್ಷದ ಸುಗ್ಗಿಗೆ ಮೇಲಿನವರು ಮೂವರು ಬಂದು ನೋಡುವುದು, ಒಪ್ಪಿದರೆ ತಳಿಗೆ ಹೆಸರು, ಪ್ಲಾಟಿಗೆ ಇನ್ನೂ ಕೆಲವು ವರ್ಷ ಎಂದು ಗೊತ್ತಾಯಿತು. ಅವರು ಬರುವ ಹಿಂದಿನ ದಿನ ಸಂಜೆ ಸಾಹೇಬರು ಅವರಿಗೆ ಕೊಡುವ ಕಾಗದವನ್ನು ಮೇಸ್ತ್ರಿಗೆ ಓದಿ ಹೇಳುತ್ತಿದ್ದರು. ನಾನು ಪ್ಲಾಟಿನ ಶೆಡ್ಡಿನ ಬಾಗಿಲಲ್ಲಿ ಕಾಳು ಕೇರುತ್ತಿದ್ದೆ. ತಾಯಿ ಇಂಥದ್ದು, ತಂದೆ ಇಂಥದ್ದು ಎಂದು ಬಂತು. ಮುಂದಿನ ಸಾಲು ಹೀಗಿತ್ತು: ಚೀಲ ತೆಗೆದಿರಲಿಲ್ಲವೆಂದು ಕೆಲಸದ ಹೆಣ್ಣುಮಗಳು ಖಚಿತಪಡಿಸಿದ್ದಾಳೆ, ಆದ್ದರಿಂದ ಈ ಬದಲಾವಣೆ ಸಹಜವಾದದ್ದು.

ಮೊರ ಕೈಯಲ್ಲೇ ನಿಂತಿತು. ನನ್ನ ಸುಳ್ಳು ಸರಕಾರದ ಕಾಗದಕ್ಕೆ ಏರಿತ್ತು.

ದಾರಿಯಲ್ಲಿ ದೊಡ್ಡವ್ವನಿಗೆ ಹೇಳಿದೆ, ನಾಳೆ ಹೇಳಿಬಿಡುತ್ತೇನೆ ಎಂದು. ಅವಳು ನಿಂತಳು.

"ಆರ ವರ್ಷ ಬಾಯಾಗ ಇಟಗೊಂಡಾಕಿ ಒಂದ ದಿನಾ ಇಟಗೊಳ್ಳಾಕ ಆಗೂದಿಲ್ಲೇನು? ಏಳ ಮಂದಿ ಉಣ್ಣೂ ಗಂಗಾಳಕ್ಕ ಮಣ್ಣ ಹಾಕ್ತಿ ನೀನು."

"ಸಾಹೇಬ್ರು ನನ್ನ ಮಾತ ಬರದಾರ ದೊಡ್ಡವ್ವಾ."

"ಬರದ್ರ ಬರೀಲಿ. ಜ್ವಾಳ ನಿಂತೈತಿಲ್ಲೋ? ಅದು ಯಾರಿಗೆ ಹುಟ್ಟಿದ್ರೇನ?"

ಅವಳ ಮಾತು ಪೂರ್ತಿ ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಮರುದಿನ ಬೆಳಕು ಹರಿಯುವಾಗ ಪ್ಲಾಟಿಗೆ ಹೋದೆ. ಸಾಹೇಬರು ಮೂಡಣ ಒಡ್ಡಿನ ಮೇಲೆ ಪೂಜೆಗೆ ಕೂತಿದ್ದರು. ಎಡಗೈಯಲ್ಲಿ ಲಿಂಗ, ಕಣ್ಣು ಅದರ ಮೇಲೆ. ಆಗ ಮಾತಾಡಿಸುವಂತಿಲ್ಲ. ಹತ್ತು ಹೆಜ್ಜೆ ದೂರ ಕುಳಿತೆ. ಆವತ್ತು ಪೂಜೆ ದಿನಕ್ಕಿಂತ ಉದ್ದವಾಯಿತು, ಅಥವಾ ನನಗೆ ಹಾಗೆ ಕಂಡಿತು. ಶೆಡ್ಡಿನ ಕೆಳಗೆ ದೊಡ್ಡವ್ವ ರೊಟ್ಟಿಗೆ ಒಲೆ ಹೂಡುತ್ತಾ ನನ್ನ ಕಡೆಯೇ ನೋಡುತ್ತಿದ್ದಳು. ಎರಡು ಸಲ ಎದ್ದು ಹೋಗಬೇಕೆಂದು ಮಾಡಿದೆ. ಕಾಲು ಜೋಮು ಹಿಡಿದಿತ್ತು.

ಅವರು ಲಿಂಗವನ್ನು ಬಟ್ಟೆಗೆ ಸುತ್ತಿ ಕೊರಳಿಗೆ ಕಟ್ಟಿಕೊಂಡರು. "ಏನ್ ತಂಗಿ, ರೊಟ್ಟಿ ಬಡಿಯೂದ ಬಿಟ್ಟು ಇಲ್ಲಿ ಕುಂತಿ?"

"ಆ ಚೀಲಾ ನಾ ತಗದಿದ್ದೆನ್ರಿ."

"ಯಾವ ಚೀಲಾ?"

"ಆರ ವರ್ಷದ ಹಿಂದ, ಎಳ್ಳಮಾಸಿ ದಿನಾ. ಚರಗಾ ಚೆಲ್ಲೂಮುಂದ ಹದಿನಾಕೂ ಬಿಚ್ಚಿದ್ದೆ. ನೀವು ಕೇಳಿದಾಗ ಸುಳ್ಳ ಹೇಳಿದೆ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಗಿಡದ ಅಳತೆ ಕೇಳುವ ದನಿಯಲ್ಲೇ ಕೇಳಿದರು.

"ಎಷ್ಟೊತ್ತಿಗೆ?"

"ಬಿಸಲ ಒಡ್ಡಿನ ಮ್ಯಾಲ ಬಿದ್ದಿತ್ರಿ. ಇಬ್ಬನಿ ಆರಿದ್ದಿಲ್ಲ."

"ಪುಡಿ ಉದರೂ ಹೊತ್ತು. ಎಷ್ಟ ಹೊತ್ತು ಬಿಟ್ಟಿದ್ರಿ?"

"ಹೊಲಾ ಸುತ್ತಿ, ಒಂದೊಂದ ಕಡಬ ತಿಂದು ಏಳೂತನಕಾ."

"ಗಾಳಿ ಯಾ ಕಡೆಯಿಂದಿತ್ತು?"

ಅದು ನೆನಪಿತ್ತು. "ನಾ ಪಡುವಲಕ್ಕ ಕುಂತಿದ್ದೆ, ಕಲ್ಲಿನ ಕಡೆ ಮಾರಿ ಮಾಡಿ. ಊದಿನಕಡ್ಡಿ ಹೊಗಿ ನನ್ನ ಕಣ್ಣಿಗೇ ಬರತಿತ್ತು. ಮೂಡಗಾಳಿರಿ."

"ಮೂಡಲಕ್ಕ ಏನಿತ್ತು ಆಗ," ಎಂದು ಶುರು ಮಾಡಿದವರು ಅಲ್ಲೇ ನಿಲ್ಲಿಸಿದರು. ಮೂಡಲಕ್ಕೆ ನಾವು ಕೂತ ಒಡ್ಡು. ಒಡ್ಡಿನ ಕೆಳಗೆ ಹಕ್ಕಿಗಳ ಸಾಲು.

"ಅವು ಬೋಳ ಇದ್ದೂರಿ," ಎಂದೆ. "ಐಹೊಳಿಯಿಂದ ತಂದಿದ್ರಲ್ಲ, ಗುಡಿ ಸಂದಿಯವು."

ಅವರು ಆ ಸಾಲಿನ ಕಡೆ ತಿರುಗಿದರು. ಈ ವರ್ಷದ್ದು ಬೇರೆ ಜೋಳ. ಐಹೊಳೆಯ ಕಾಳನ್ನು ಆ ವರ್ಷವೇ ಹಕ್ಕಿಗಳು ಪೂರ್ತಿ ತಿಂದು ಮುಗಿಸಿದ್ದವು.

"ನಕ್ಷಾದಾಗ ನಾ ಈ ಸಾಲ ಬರದಿಲ್ಲ," ಎಂದರು. "ಪ್ರಯೋಗದ ಹತ್ತರ ಬ್ಯಾರೆ ಜ್ವಾಳ ಇರಬಾರದು. ಅದು ನನಗ ಗೊತ್ತಿತ್ತು. ದೇವರ ಹೆಸರಲೆ ಬಿತ್ತಿದ್ದು, ಲೆಕ್ಕಕ್ಕ ಹಿಡಿಯೂದ ಬ್ಯಾಡ ಅಂದೆ. ನೀ ಸುಳ್ಳ ಹೇಳಿದಿ. ನಾ ಹೇಳಲೇ ಇಲ್ಲ."

ಅವರ ಮುಖ ನೋಡಿ ನನಗೆ ಬೇರೆ ಬುದ್ಧಿ ಬಂತು. "ಹಂಗಾರ ಅವರಿಗೆ ಹೇಳೂದ ಬ್ಯಾಡ ಬಿಡ್ರಿ. ನಿಮಗ ಹೇಳಿದೆ, ನನ್ನ ಹೊಟ್ಟಿ ಹಗರಾತು."

"ನಿಂದು ಹಗರಾತು. ನಂದು?" ಎಂದರು. ಒಡ್ಡಿನ ಮಣ್ಣು ಕೈಯಲ್ಲಿ ಹಿಡಿದು ಪುಡಿ ಮಾಡುತ್ತಾ ಹೇಳಿದರು. "ಮುಂದ ಯಾವನೋ ಒಬ್ಬಾವ ಈ ಕಾಗದಾ ಓದಿ ಅದ ತಾಯಿ, ಅದ ತಂದಿ ಹಿಡಕೊಂಡು ಮತ್ತ ಮಾಡ್ತಾನ. ಬೋಳ ತೆನಿ ಬರೂದಿಲ್ಲ. ಹತ್ತ ವರ್ಷ ಮಾಡ್ತಾನ. ತನ್ನ ಕೈಯಾಗ ಏನೋ ತಪ್ಪೈತಿ ಅನಕೋತ ಕುಂದರತಾನ. ಅವನ ಹತ್ತ ವರ್ಷ ಯಾರ ಕೊಡಬೇಕು?"

ಎದ್ದರು. "ಹೋಗು, ರೊಟ್ಟಿ ಬಡಿ. ಎರಡೂ ಹಿಟ್ಟಿನವು ಇರಲಿ."

ಹತ್ತು ಗಂಟೆಯ ಹೊತ್ತಿಗೆ ಬಾಗಲಕೋಟೆ ಕಡೆಯಿಂದ ಜೀಪು ಬಂತು. ಮೂವರು ಇಳಿದರು. ಅವರಲ್ಲಿ ಹಿರಿಯರು ದಪ್ಪಗೆ ಇದ್ದರು, ಕನ್ನಡಕ ಹಣೆಯ ಮೇಲೆ. ಬೋಳು ಜೋಳದ ಸಾಲಿನಲ್ಲಿ ನಿಂತು ದಂಟುಗಳನ್ನು ಮೊಣಕೈಯಿಂದ ನೂಕಿ ನೋಡಿದರು. ದಂಟು ಸೀಳಿಸಿ ನೋಡಿದರು. ಆಮೇಲೆ ಶೆಡ್ಡಿಗೆ ಬಂದು ಕೂತರು. ತಾಯಿ ಜೋಳದ ರೊಟ್ಟಿ ಒಂದು ಕಡೆ, ಬೋಳು ಜೋಳದ್ದು ಒಂದು ಕಡೆ, ನಡುವೆ ಪುಂಡಿಪಲ್ಯ. ಯಾವುದು ಯಾವುದೆಂದು ಹೇಳದೆ ಬಡಿಸಿದೆ. ಅವರು ಎರಡನೆಯದನ್ನು ಇನ್ನೊಂದು ಹಾಕಿಸಿಕೊಂಡರು.

"ಇದು ಯಾವ ಹಿಟ್ಟಬೇ?"

"ಬೋಳ ತೆನೀದ್ರಿ."

"ಮುಗೀತಲ್ಲಪಾ," ಎಂದು ಕೈ ತೊಳೆದರು. "ಕಾಗದಾ ಕೊಡ್ರಿ, ಸಹಿ ಮಾಡ್ತೇನಿ."

ದೊಡ್ಡವ್ವ ಒಲೆಯ ಹಿಂದೆ ನನ್ನ ಸೀರೆ ಹಿಡಿದು ಎಳೆದಳು, ಕುಳಿತುಕೋ ಎಂದು. ನಾನು ಕುಳಿತುಕೊಳ್ಳಲಿಲ್ಲ. ಆದರೆ ಮಾತಾಡಿದ್ದು ಸಾಹೇಬರು. ನಿಂತುಕೊಂಡೇ ಹೇಳಿದರು. ಚೀಲ ಬಿಚ್ಚಿದ್ದು, ಹೊತ್ತು, ಗಾಳಿ, ಆಮೇಲೆ ನಕ್ಷೆಯಲ್ಲಿ ಇರದ ನಾಲ್ಕು ಸಾಲು. ನನ್ನದನ್ನು ಎರಡು ಮಾತಿನಲ್ಲಿ ಹೇಳಿದರು, ತಮ್ಮದನ್ನು ಹತ್ತು ಮಾತಿನಲ್ಲಿ.

ಹಿರಿಯರು ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿಕೊಂಡರು. "ಇದನ್ನ ನಾವು ರೊಟ್ಟಿ ತಿನ್ನೂಕಿಂತ ಮದಲ ನೀವು ಹೇಳಬೇಕಾಗಿತ್ರಿ."

"ಹೌದ್ರಿ."

"ಹೇಳದಿದ್ರೂ ನಡೀತಿತ್ತು. ಅದೂ ಗೊತ್ತೈತಲ್ಲ ನಿಮಗ?"

"ಗೊತ್ತೈತ್ರಿ."

"ಹಂಗಾರ ಐಹೊಳಿದ ತಂದಿ ಅಂತ ಬರಕೊಡ್ರಿ. ಅಷ್ಟಾದ್ರೂ ಆಗಲಿ."

"ಇರಬಹುದು ಅಂತ ಬರೀಬಹುದು. ಹೌದು ಅಂತ ಬರಿಯಾಕ ಬರೂದಿಲ್ಲ. ಆ ಬೀಜಾ ಈಗಿಲ್ರಿ. ಕೂಡಿಸಿ ನೋಡಾಕ ಏನೂ ಉಳದಿಲ್ಲ."

ಮೂವರೂ ಎದ್ದು ಜೀಪಿನ ಹತ್ತಿರ ಹೋಗಿ ಮಾತಾಡಿಕೊಂಡರು. ನಾವು ಏಳು ಜನ ಹೆಂಗಸರು ಶೆಡ್ಡಿನಲ್ಲಿ ನಿಂತೇ ಇದ್ದೆವು. ಒಲೆಯ ಮೇಲೆ ಒಂದು ರೊಟ್ಟಿ ಸೀಯಿತು, ಯಾರೂ ತೆಗೆಯಲಿಲ್ಲ. ಮೇಸ್ತ್ರಿ ಒಂದು ದಂಟನ್ನು ಸಣ್ಣ ಸಣ್ಣ ಸೀಳು ಮಾಡುತ್ತಾ ನಿಂತಿದ್ದ. ಸಾಹೇಬರು ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು.

ತೀರ್ಮಾನ ಹೀಗೆ ಬಂತು. ಈ ತಾಯಿ ಈ ತಂದೆ ಎಂದು ಕಳಿಸಿದ ಕಾಗದವೆಲ್ಲ ವಾಪಸು. ಬೀಜವನ್ನು ತಂದೆ ಗೊತ್ತಿಲ್ಲದ್ದು ಎಂದು ಹೊಸ ನಂಬರು ಹಾಕಿ ಬೇರೊಂದು ಊರಿನ ಹೊಲಕ್ಕೆ ಒಯ್ಯುವುದು. ಅಲ್ಲಿ ಪರೀಕ್ಷೆಗಳೆಲ್ಲ ಮೊದಲ ವರ್ಷದಿಂದ ಮತ್ತೆ ಶುರು. ಇಲ್ಲಿಯ ಪ್ಲಾಟಿನ ಅವಧಿ ಈ ಸುಗ್ಗಿಗೆ ಮುಗಿಯಿತು, ಮುಂದುವರಿಸುವುದಿಲ್ಲ.

"ಈ ಹೆಣಮಗಳ ಹೇಳಿಕಿ ಬರಸ್ರಿ, ಹೆಬ್ಬಟ್ಟ ಒತ್ತಸ್ರಿ," ಎಂದರು ಹಿರಿಯರು.

ಸಾಹೇಬರು ಹೊಲದ ದೊಡ್ಡ ಪುಸ್ತಕ ತಂದರು. ಆರು ವರ್ಷದ ಹಿಂದಿನ ಹಾಳೆ ತೆಗೆದು, ಎಳ್ಳಮಾವಾಸ್ಯೆಯ ಮುಂದೆ ಖಾಲಿ ಇದ್ದ ಜಾಗದಲ್ಲಿ ಬರೆದರು. ಮೊದಲು ಹಕ್ಕಿಗಳ ಸಾಲು ಬರೆದು ತಾವು ಸಹಿ ಮಾಡಿದರು. ಆಮೇಲೆ ನನ್ನದು. "ಬಿಚ್ಚಂದಾವರು ಯಾರರ ಇದ್ರೇನು?" ಎಂದು ಕೇಳಿದರು. ದೊಡ್ಡವ್ವ ಸೀದ ರೊಟ್ಟಿಯನ್ನು ಕೆರೆಯುತ್ತಿದ್ದಳು.

"ಯಾರೂ ಇಲ್ರಿ. ಕೈ ನಂದು."

ಮೇಸ್ತ್ರಿ ಮಸಿಯ ಡಬ್ಬಿ ಮುಂದೆ ಮಾಡಿದ. ನಾನು ಪೆನ್ನು ಕೇಳಿದೆ. ಚೀಟಿ ಬರೆದು ಬರೆದು ಅಷ್ಟು ಹೊತ್ತಿಗೆ ಅಕ್ಷರ ಬಂದಿದ್ದವು. ಹೆಸರು ಮಾತ್ರ ಯಾವತ್ತೂ ಬರೆದಿರಲಿಲ್ಲ, ಬರೆಯುವ ಪ್ರಸಂಗ ಬಂದಿರಲಿಲ್ಲ. ನನ್ನ ಹೆಸರಿನ ನಾಲ್ಕು ಅಕ್ಷರಗಳಲ್ಲಿ ಒಂದು ಸಾಲಿನಿಂದ ಕೆಳಗೆ ಇಳಿಯಿತು.

"ಸಾಲೀಗೆ ಹೋಗಿದ್ದೇನು?" ಎಂದರು ಹಿರಿಯರು.

"ಇಲ್ರಿ. ಚೀಟಿ ಬರದ ಕಲ್ತೇನ್ರಿ."

ಅವರು ಪುಸ್ತಕ ಮುಚ್ಚಿದರು. ಬೀಜದ ಅರಿವೆ ಗಂಟನ್ನು ತಾವೇ ತೊಡೆಯ ಮೇಲೆ ಇಟ್ಟುಕೊಂಡು ಜೀಪು ಹತ್ತಿದರು.

ಆ ಬೇಸಗೆ ಉಳಿದ ಐದು ಜನ ನನ್ನ ಜೊತೆ ಮಾತಾಡಲಿಲ್ಲ. ಅದರಲ್ಲಿ ತಪ್ಪೇನಿಲ್ಲ. ನಾನು ಇಳಕಲ್ಲಿಗೆ ಬಂದು ಮತ್ತೆ ಎಳೆ ಕೂಡಿಸಲು ಕುಳಿತೆ. ದೊಡ್ಡವ್ವ ಒಂದು ದಿನ ಸಂತೆಗೆ ಬಂದವಳು ಮನೆ ಹುಡುಕಿಕೊಂಡು ಬಂದಳು.

"ಬಿಚ್ಚಿಸಿದಾಕಿ ನಾನು. ನನ್ನ ಹೆಸರ ಯಾಕ ಹೇಳಲಿಲ್ಲ?"

"ನಿನಗ ಬರಿಯಾಕ ಬರತಿದ್ದಿಲ್ಲ."

"ಹೆಬ್ಬಟ್ಟ ಇತ್ತಲ್ಲ," ಎಂದಳು. ಚಹಾ ಕುಡಿದು ಹೋದಳು.

ಸಾಹೇಬರು ಬೀಜ ಹೋದ ಊರಿಗೆ ವರ್ಗ ಮಾಡಿಸಿಕೊಂಡರು. ಹೊರಡುವ ಮೊದಲು ಪ್ಲಾಟಿನ ಸಾಮಾನು ಕಟ್ಟಿಸಲು ನನ್ನನ್ನು ಕರೆಸಿದ್ದರು. ಸೂಜಿ, ಚೀಲ, ಅಳತೆ ಕೋಲು ಎಲ್ಲ ಎಣಿಸಿ ಕಟ್ಟಿದೆವು. ಹೋಗುವಾಗ ನಾನೇ ಕೇಳಿದೆ, ಆವತ್ತು ಚೀಲ ಬಿಚ್ಚದೇ ಇದ್ದರೆ ಈ ಜೋಳ ಇರುತ್ತಿರಲಿಲ್ಲ ಅಲ್ಲವೇ ಎಂದು. ಸಮಾಧಾನದ ಮಾತು ಬರಲಿ ಎಂದು ಕೇಳಿದ್ದು ಹೌದು.

"ಇರತಿದ್ದಿಲ್ಲ," ಎಂದರು. "ಬಿಚ್ಚಿದ್ದಕ್ಕ ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ತಂಗಿ. ಮುಂದ ಎಲ್ಲೆರ ಇಂಥಾ ಕೆಲಸಕ್ಕ ಹೋದಿ, ಬಿಚ್ಚಬೇಕು ಅನಿಸಿತು, ಬಿಚ್ಚು. ಹೊತ್ತು ಬರದಿಡು."

ಆ ಜೋಳಕ್ಕೆ ಮುಂದೆ ಹೆಸರು ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಪುಸ್ತಕವೂ ಎಲ್ಲಿದೆಯೋ ಗೊತ್ತಿಲ್ಲ. ಗೆದ್ದಲು ತಿಂದಿರಬಹುದು. ಅದಕ್ಕೆ ಅದರಲ್ಲಿದ್ದದ್ದನ್ನು ಇಲ್ಲಿ ಇನ್ನೊಮ್ಮೆ ಬರೆದಿಡುತ್ತೇನೆ.

ಎಳ್ಳಮಾವಾಸ್ಯೆ. ಬಿಸಿಲು ಒಡ್ಡಿನ ಮೇಲೆ ಬಿದ್ದ ಹೊತ್ತು, ಇಬ್ಬನಿ ಆರಿರಲಿಲ್ಲ. ಮೂಡಗಾಳಿ. ಹದಿನಾಲ್ಕು ತೆನೆ. ಬಿಚ್ಚಿದವಳು ನಾನು.